ಪೆಟ್ಟಿಗೆಯೊಳಗೆ ನಿಂತವನು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ಏಣಿಯಿಂದ ಬಿದ್ದ ಮೇಲೆ ನನ್ನ ತಮ್ಮನ ಕಾಲುಗಳಿಗೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅವನು ದಿನವಿಡೀ ಗೋಡೆ ನೋಡುತ್ತ ಕೂರಬಾರದೆಂದು ಇಬ್ಬರೂ ಸೇರಿ ಪ್ಲೈವುಡ್ಡಿನಲ್ಲಿ ಪೆಟ್ಟಿಗೆಯಂಥ ದೊಡ್ಡದೊಂದು ಕ್ಯಾಮೆರಾ ಮಾಡಿದೆವು. ಮುಂದಿನ ಲೆನ್ಸ್‌ನಿಂದ ಬಿಂಬ ಒಳಗಿನ ಬಿಳಿ ಹಾಳೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಪಕ್ಕದ ತೂತಿನಿಂದ ಆ ಬಿಂಬದ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಬೇಕು.

ಮಧ್ಯಾಹ್ನದ ಬಿಸಿಲಿಗೆ ತಮ್ಮನನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿ ತೂತಿಗೆ ಕಣ್ಣಿಟ್ಟೆ. ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹಾಳೆಯ ಮೇಲೆ ಕುರ್ಚಿ ಖಾಲಿಯಿತ್ತು. ಅದರ ಪಕ್ಕದಲ್ಲಿ ತಮ್ಮ ಬರಿಗಾಲಲ್ಲಿ ನಿಂತಿದ್ದ.

"ಅಲ್ಲಾಡಬೇಡ್ವೋ!" ಎಂದೆ.

"ಅಲ್ಲಾಡೋ ಹಾಗಿದ್ರೆ ನಿನ್ನ ಕೈಲಿ ಎತ್ತಿಸ್ಕೋತಿದ್ನಾ?" ಎಂದು ನಕ್ಕ.

ತಲೆಯೆತ್ತಿದರೆ ಕೂತೇ ಇದ್ದ. ಮತ್ತೆ ಬಗ್ಗಿದರೆ ನಿಂತಿದ್ದ, ಒಂದು ಹೆಜ್ಜೆ ಮುಂದೂ ಬಂದಿದ್ದ. ಪೆಟ್ಟಿಗೆಯೊಳಗೆ ಬರಿಗಾಲು ನೆಲಕ್ಕೆ ತಾಗುವ ಸಣ್ಣ ಸದ್ದು ಕೇಳಿಸಿತು. ತಕ್ಷಣ ಫೋಟೋ ತೆಗೆದು ಅವನಿಗೆ ತೋರಿಸಿದೆ. ಅದರಲ್ಲೂ ನಿಂತೇ ಇದ್ದ.

ತಮ್ಮ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಅಣ್ಣಾ, ನೆಲ ತುಂಬಾ ತಣ್ಣಗಿದೆ ಕಣೋ. ನನ್ನ ಚಪ್ಪಲಿ ಎಲ್ಲಿ?" ಎಂದ.