ಹಸಿದ ಮೇಲುಕಟ್ಟು

ಕರಡಿಗಳು ಅಂಗಡಿ ಇಡುತ್ತಿದ್ದ, ಆನೆಗಳು ಕೂಲಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಪವಳನಾಡು ಎಂಬ ರಾಜ್ಯ. ಆ ರಾಜ್ಯದಲ್ಲಿ ಚೆಲುವೊಳೆ ಎಂಬ ನದಿ. ನದಿಯ ದಂಡೆಯಲ್ಲಿ ಮರಳಾವತಿ ಎಂಬ ಪಟ್ಟಣ. ಮಳೆಗಾಲದಲ್ಲಿ ಆ ಪಟ್ಟಣವನ್ನು ಯಾರೂ ಕೇಳುತ್ತಿರಲಿಲ್ಲ. ಚಳಿಗಾಲದಲ್ಲೂ ಅಷ್ಟೇ. ಬೇಸಿಗೆ ಬಂದು, ನದಿ ಸೊರಗಿ, ನಡುವೆ ಬಿಳಿ ಮರಳಿನ ದಿಬ್ಬ ಎದ್ದಿತೆಂದರೆ ಮಾತ್ರ ಐವತ್ತಾರು ದೇಶದ ಜನ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಓಡುತ್ತಿದ್ದರು. ಅದೇ ಬಿಸಿಲಹಬ್ಬ.

ಬಿಸಿಲಹಬ್ಬ ಎಂದು ಹೆಸರೇ ಹೊರತು ಅಲ್ಲಿ ಬಿಸಿಲೇ ಇರಲಿಲ್ಲ. ದಿಬ್ಬದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ಮೇಲುಕಟ್ಟು. ಸಾವಿರ ಬಣ್ಣದ ತುಂಡುಗಳನ್ನು ಜೋಡಿಸಿ ಹೊಲಿದ ಬಟ್ಟೆಯ ಚಾವಣಿ ಅದು. ಹೊರಗೆ ಕಾಗೆ ಬಾಯಿ ಬಿಡುವ ಬಿಸಿಲು, ಒಳಗೆ ಬಾವಿಯೊಳಗಿನ ತಂಪು. ಅದರ ಯಜಮಾನ ಛಾಯಾಪಾಲನೆಂಬ ಮಾಂತ್ರಿಕ. ವರ್ಷದಿಂದ ವರ್ಷಕ್ಕೆ ಮೇಲುಕಟ್ಟು ದೊಡ್ಡದಾಗುತ್ತಿತ್ತು. ಹಬ್ಬಕ್ಕೆ ಹೋದವರಲ್ಲಿ ಎಷ್ಟೋ ಜನ ತಿರುಗಿ ಬರುತ್ತಿರಲಿಲ್ಲ. ಮನೆಯವರು, "ಅಲ್ಲಿ ಸುಖವಾಗಿದ್ದಾರೆ, ನಮ್ಮ ನೆನಪೇಕೆ ಬರುತ್ತೆ?" ಎಂದು ಮುನಿಸಿಕೊಂಡು ಸುಮ್ಮನಾಗುತ್ತಿದ್ದರು. ಮುನಿಸಿಕೊಂಡವರು ಹುಡುಕಲು ಹೋಗುವುದಿಲ್ಲ. ಮಾಂತ್ರಿಕನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಮರಳಾವತಿಗೆ ಇಪ್ಪತ್ತು ದಿನದ ದಾರಿಯಾಗುವ ಕರಿಗುಡ್ಡದಲ್ಲಿ ಕಸ್ತೂರೆವ್ವ, ಅವಳ ಮಗಳು ನಿಂಬೆವ್ವ ಇಬ್ಬರೇ ಇದ್ದರು. ಹಳೆಯ ಸೀರೆ, ಹಳೆಯ ಧೋತರಗಳನ್ನು ಪದರ ಪದರವಾಗಿ ಹಾಸಿ, ಹೊಲಿದು, ಕೌದಿ ಮಾಡಿಕೊಡುವುದು ಅವರ ಕಸುಬು. ನಿಂಬೆವ್ವನ ಕೈ ಚುರುಕು, ಬಾಯಿ ಇನ್ನೂ ಚುರುಕು. ಕೊಂಕು ತೆಗೆಯದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ನೋಡಲು ಬಂದ ಮೊದಲನೆಯ ಗಂಡಿನ ಮೂಗು ಸರಿಯಿಲ್ಲ ಎಂದಳು, ಎರಡನೆಯವನ ಎತ್ತು ಸರಿಯಿಲ್ಲ ಎಂದಳು, ಮೂರನೆಯವನ ಅಂಗಿಯ ಹೊಲಿಗೆ ನೋಡಿ ಮುಖವನ್ನೇ ನೋಡಲಿಲ್ಲ. ಅವ್ವನ ಅಡಿಗೆ, ಅವ್ವನ ನಡಿಗೆ, ಅವ್ವನ ಕೆಮ್ಮು, ಎಲ್ಲದಕ್ಕೂ ಅವಳದೊಂದು ಮಾತು ಇದ್ದೇ ಇತ್ತು.

ಒಂದು ಬೇಸಿಗೆಯ ದಿನ ಕಸ್ತೂರೆವ್ವ ಸೂಜಿ ಕೆಳಗಿಟ್ಟಳು.

"ನಿಂಬೀ, ನಾ ಬಿಸಿಲಹಬ್ಬ ನೋಡಿ ಬರ್ತೀನಿ."

"ಈ ವಯಸ್ಸಿನ್ಯಾಗ ನಿನಗ್ಯಾತರ ಹಬ್ಬ?"

"ಈಗ ಹೋಗಲಿಲ್ಲ ಅಂದ್ರ ಇನ್ಯಾವಾಗ ಹೋಗಲಿ?"

"ಹೋಗು. ನನಗೇನು?" ಎಂದಳು ಮಗಳು.

ಕಸ್ತೂರೆವ್ವ ಕೆಂಪು ಅಂಚಿನ ಹಸಿರು ಸೀರೆ ಉಟ್ಟು ಹೋದಳು. ಹಬ್ಬ ಮುಗಿಯಿತು, ಮಳೆ ಬಂತು, ಚಳಿ ಬಂತು, ಅವಳು ಬರಲಿಲ್ಲ. ನಿಂಬೆವ್ವನೂ ಎಲ್ಲರಂತೆ ಮುನಿಸಿಕೊಂಡಳು. ಆದರೆ ಅವಳ ಮುನಿಸು ವರ್ಷ ತುಂಬುವ ತನಕ ಬಾಳಲಿಲ್ಲ. ಬೇಸಿಗೆ ಮತ್ತೆ ಬಂದಾಗ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಟೇಬಿಟ್ಟಳು. ಅವಳಿಗೆ ಅವ್ವ ಬೇಕಾಗಿದ್ದಳು, ಅಷ್ಟೇ.

ಇಪ್ಪತ್ತು ದಿನ ನಡೆದು, ಇಪ್ಪತ್ತೊಂದನೆಯ ದಿನ ಹರಿಗೋಲಿನಲ್ಲಿ ಕೂತು ದಿಬ್ಬಕ್ಕೆ ಇಳಿದಳು. ಮೇಲುಕಟ್ಟಿನ ಕೆಳಗೆ ಡೊಂಬರಾಟ, ಬೊಂಬೆಯಾಟ, ಬೆಂಕಿ ನುಂಗುವವರು, ನೀರಿನ ಮೇಲೆ ಕುಣಿಯುವವರು. ಹುರಿಗಾಳು, ಕರಿದ ತಿಂಡಿಯ ವಾಸನೆ. ನಿಂಬೆವ್ವ ಯಾವುದನ್ನೂ ನೋಡದೆ, ಎದುರಾದವರನ್ನೆಲ್ಲ "ಹಸಿರು ಸೀರಿ ಉಟ್ಟ ನಮ್ಮವ್ವನ್ನ ಕಂಡೀರೇನ್ರಿ?" ಎಂದು ಕೇಳುತ್ತ ಹೋದಳು. ಎಲ್ಲರದೂ ಒಂದೇ ಉತ್ತರ: ಹೊಸದಾಗಿ ಬಂದವರು ಮೊದಲು ಮೂರು ಉಪಚಾರ ಪಡೆಯಬೇಕು, ಆಮೇಲೆ ಮಿಕ್ಕ ಮಾತು. ಅದು ಯಜಮಾನರ ಕಟ್ಟಳೆ.

ಮೊದಲನೆಯದು ಕರಡಿಯ ಪಾನಕ. ಕರಡಿ ಮಣ್ಣಿನ ಬಟ್ಟಲು ತುಂಬಿ ಕೊಟ್ಟಿತು. ನಿಂಬೆವ್ವ ಕುಡಿದಳು. ಗಂಟಲಿನ ಧೂಳೆಲ್ಲ ತೊಳೆದು ಹೋಯಿತು. ಅಂಥ ಪಾನಕ ಅವಳು ಹುಟ್ಟಿದ ಮೇಲೆ ಕುಡಿದಿರಲಿಲ್ಲ.

"ಹೇಗಿದೆ ನಮ್ಮ ಹಬ್ಬ?" ಕರಡಿ ಕೇಳಿತು.

"ಬೆಲ್ಲ ಮುಂದಾಗೇತಿ," ಎಂದಳು ನಿಂಬೆವ್ವ. "ಏಲಕ್ಕಿ ಹ್ವಾದ ವರ್ಷದ್ದು."

ಕರಡಿಯ ಕಿವಿ ಜೋತು ಬಿದ್ದವು. ಅದು ಅಂಗಡಿ ಇಟ್ಟು ನೂರು ವರ್ಷವಾಗಿತ್ತು. ಇಂಥ ಮಾತು ಕೇಳಿದ್ದು ಇದೇ ಮೊದಲು.

ಎರಡನೆಯದು ಆನೆಯ ತೊಟ್ಟಿಲು. ಎರಡು ಆನೆಗಳು ಸೊಂಡಿಲಿನಿಂದ ಬೆಳ್ಳಿಯ ತೊಟ್ಟಿಲು ತೂಗುತ್ತಿದ್ದವು. ನಿಂಬೆವ್ವನ ಪಕ್ಕ ಕೆಂಪು ರುಮಾಲಿನ ದಪ್ಪನೆಯ ಮನುಷ್ಯನೊಬ್ಬ ಕೂತ. ತೊಟ್ಟಿಲು ಮೇಲೆ ಹೋದಾಗ ನದಿಯ ಆಚೆಯ ಬೆಟ್ಟ ಕಾಣುತ್ತಿತ್ತು, ಕೆಳಗೆ ಬಂದಾಗ ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಗುತ್ತಿತ್ತು.

"ಹೇಗಿದೆ ನಮ್ಮ ಹಬ್ಬ?" ಆನೆಗಳು ಕೇಳಿದವು.

"ಆಹಾ! ಇಲ್ಲೇ ಇದ್ದುಬಿಡಬೇಕು ಅನ್ನಿಸುತ್ತೆ!" ಎಂದ ರುಮಾಲಿನವನು.

ಅಷ್ಟು ಹೇಳಿದ್ದೇ ತಡ, ಪಕ್ಕದಲ್ಲಿ ಮನುಷ್ಯನಿಲ್ಲ. ಒಂದು ಕೆಂಪು ಬಟ್ಟೆ ಗಾಳಿಯಲ್ಲಿ ಏರಿ ಹೋಗಿ ಮೇಲುಕಟ್ಟಿಗೆ ಅಂಟಿಕೊಂಡಿತು. ಸೂಜಿಯಿಲ್ಲದೆಯೇ ಅದರ ಸುತ್ತ ಹೊಲಿಗೆ ಬಿತ್ತು. ಸುತ್ತಲಿನ ಜನ ತಿನ್ನುವುದರಲ್ಲಿ, ನಗುವುದರಲ್ಲಿ ಮುಳುಗಿದ್ದರು. ಯಾರೂ ತಲೆಯೆತ್ತಲಿಲ್ಲ.

ನಿಂಬೆವ್ವನಿಗೆ ಎಲ್ಲವೂ ತಿಳಿಯಿತು. ಅವ್ವನೂ ಇದೇ ಮಾತು ಆಡಿರಬೇಕು. ಹಾಗಂದರೆ ಅವ್ವನಿಗೆ ಮನೆ ಬೇಡವಾಗಿತ್ತು. ಮಗಳು ಬೇಡವಾಗಿದ್ದಳು. ಹೆದರಿಕೆಗಿಂತ ಮೊದಲು ಅವಳ ಎದೆಗೆ ಚುಚ್ಚಿದ್ದು ಇದು.

"ನೀನು ಹೇಳಲಿಲ್ಲ," ಎಂದವು ಆನೆಗಳು. "ಹೇಗಿದೆ ನಮ್ಮ ಹಬ್ಬ?"

"ಹಗ್ಗ ಕಿರಗುಡತೈತಿ. ಎಣ್ಣಿ ಹಾಕ್ರಿ," ಎಂದು ಇಳಿದಳು.

ಮೂರನೆಯದು ನವಿಲಿನ ಹಾಸಿಗೆ. ತಣ್ಣನೆಯ ಮರಳಿನ ಮೇಲೆ ರೇಷ್ಮೆ ಹಾಸಿತ್ತು. ಒಲ್ಲೆನೆನ್ನಲು ಕಟ್ಟಳೆ ಬಿಡಲಿಲ್ಲ. ಮಲಗಿದಳು. ನವಿಲು ಗರಿ ಬಿಚ್ಚಿ ಗಾಳಿ ಬೀಸಿತು. ಇಪ್ಪತ್ತು ದಿನದ ಕಾಲುನೋವು ಮಂಜಿನಂತೆ ಕರಗಿತು. ಊರಿನ ಮನೆ ನೆನಪಾಯಿತು. ಒಲೆಯ ಮುಂದೆ ಯಾರೂ ಇಲ್ಲ. ಕೊಂಕು ಮಾತಾಡೋಣವೆಂದರೆ ಕೇಳಲೂ ಯಾರೂ ಇಲ್ಲ. ಅಲ್ಲಿಗೆ ಹೋಗಿ ಮಾಡುವುದಾದರೂ ಏನು?

"ಹೇಗಿದೆ ನಮ್ಮ ಹಬ್ಬ?" ನವಿಲು ಮೆಲ್ಲಗೆ ಕೇಳಿತು.

"ಇಲ್ಲೇ..." ಎಂದುಬಿಟ್ಟಳು ನಿಂಬೆವ್ವ.

ನವಿಲು ಕತ್ತು ಮುಂದೆ ಚಾಚಿತು. ನಿಂಬೆವ್ವ ಕಣ್ಣು ಬಿಟ್ಟಳು. ನೇರ ಮೇಲೆ ಒಂದು ಹಸಿರು ತುಂಡು, ಕೆಂಪು ಅಂಚು. ಅಂಚಿನ ಹತ್ತಿರ ಹರಿದದ್ದನ್ನು ಹೆಣೆದು ಮುಚ್ಚಿದ ಗುರುತು. ಆ ಹೆಣಿಗೆ ನಿಂಬೆವ್ವನದೇ ಕೈಯದು. ಅದು ಅವ್ವನ ಸೀರೆ. ಅಷ್ಟರಲ್ಲಿ ಅವಳ ಬಾಯಿ ತನ್ನ ಹಳೆಯ ಚಾಳಿಗೆ ತಿರುಗಿತು.

"ಇಲ್ಲೇ... ಮ್ಯಾಲ ಒಂದು ಹೊಲಿಗಿ ಬಿಟ್ಟೈತಿ ನೋಡು," ಎಂದಳು.

ನವಿಲು ಗರಿ ಮಡಚಿ ಓಡಿತು. ಸ್ವಲ್ಪ ಹೊತ್ತಿನಲ್ಲೇ ಛಾಯಾಪಾಲ ತಾನೇ ಬಂದ. ಮಡಕೆಯ ಅಡಿಯಲ್ಲಿ ಮೊಳೆತ ಸಸಿಯ ಹಾಗೆ ಬಿಳಿಚಿಕೊಂಡಿದ್ದ. ಮಾತು ಮಾತ್ರ ಬಹಳ ಮೆದು.

"ಹೊಲಿಗೆ ಬಿಟ್ಟಿದೆ ಎಂದೆಯಂತೆ. ಎಲ್ಲಿ, ತಾಯಿ?"

"ಒಂದ ಕಡೆ ಅಲ್ರಿ. ಎಲ್ಲಾ ಕಡೆ ಸಡಲ ಆಗೇತಿ. ಇದೇನ್ ಹೊಲಿಗಿ?"

ಛಾಯಾಪಾಲನ ಮುಖ ಇನ್ನಷ್ಟು ಬಿಳಿಚಿತು. ಸೂರ್ಯನ ಶಾಪವಿತ್ತು ಅವನಿಗೆ. ಒಂದು ಕಿರಣ ಮೈಗೆ ತಾಗಿದರೂ ಅವನು ಉಳಿಯುವವನಲ್ಲ. ಅದಕ್ಕೇ ಈ ಮೇಲುಕಟ್ಟು. ಬಿಸಿಲಿಗೆ ಅದು ಪ್ರತಿವರ್ಷ ಜೀರ್ಣವಾಗುತ್ತಿತ್ತು, ಪ್ರತಿವರ್ಷ ಹೊಸ ತುಂಡು ಸೇರಿಸುತ್ತಿದ್ದ. ಇನ್ನು ಹತ್ತು ಹಬ್ಬ ಕಳೆದರೆ ಅದನ್ನು ರಾಜನ ಅರಮನೆಯವರೆಗೂ ಚಾಚಿ, ಇಡೀ ಪವಳನಾಡಿನಿಂದ ಬಿಸಿಲನ್ನೇ ಓಡಿಸುವುದು ಅವನ ಆಸೆ.

"ಆ ತುಂಡಿನ್ಯಾಗಿನ ಮಂದಿ ಜೀವಂತ ಅದಾರೇನು?" ನಿಂಬೆವ್ವ ಕೇಳಿದಳು.

"ಇದ್ದಾರೆ. ಇಲ್ಲೇ ಇರುತ್ತೇವೆ ಎಂದರು, ಇರಿಸಿಕೊಂಡೆ. ನಾನು ಯಾರನ್ನೂ ಒತ್ತಾಯ ಮಾಡಿದವನಲ್ಲ. ಅದಿರಲಿ, ಹೊಲಿಗೆ ಯಾಕೆ ಸಡಿಲವಾಗುತ್ತೆ ಹೇಳು."

"ಕಡೀ ಮೂಲಿ ಹೊಲಿಯೋಮುಂದ ಒಳಗ ಏನು ಇಟ್ಟಿದ್ರಿ?"

"ಏನೂ ಇಡಲಿಲ್ಲ. ಬಟ್ಟೆಯೊಳಗೆ ಇಡುವುದೇನು?"

ನಿಂಬೆವ್ವ ಹಣೆ ಚಚ್ಚಿಕೊಂಡಳು. ಕರಿಗುಡ್ಡದಲ್ಲಿ ಯಾವ ಕೌದಿಯನ್ನೂ ಬರಿಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆ ಹೊಲಿಯುವ ಮೊದಲು, ಹೊಲಿಯುವವಳು ತಾನು ಉಣ್ಣುವ ರೊಟ್ಟಿಯಲ್ಲಿ ಒಂದು ಚೂರು ಮುರಿದು ಒಳಗಿಡುತ್ತಾಳೆ. ಅದು ಕೌದಿಯ ಊಟ. ಊಟವಿಲ್ಲದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಮಾಯಾಮಂತ್ರವೆಲ್ಲ ಕಲಿತಿದ್ದ ಛಾಯಾಪಾಲನಿಗೆ ಮಾತ್ರ ಗೊತ್ತಿರಲಿಲ್ಲ. ಅವನು ಯಾರ ಮನೆಯ ಜಗಲಿಯ ಮೇಲೂ ಕೂತು ಹೊಲಿದವನಲ್ಲ.

"ಹಸಿದ ಬಟ್ಟಿರಿ ಇದು. ಅದಕ್ಕ ಮಂದಿನ್ನ ನುಂಗತೈತಿ. ಮಂದಿ ಅರಗೂದಿಲ್ಲ, ಹಂಗಾಗಿ ಹೊಲಿಗಿ ಬಿಗಿ ಹಿಡಿಯೂದಿಲ್ಲ," ಎಂದಳು.

"ಊಟ ಕೊಟ್ಟರೆ ಸರಿಹೋಗುತ್ತದೋ?"

"ಊಟ ಆದಮ್ಯಾಲ ಬಟ್ಟಿ ಬಟ್ಟಿ ಇದ್ದಂಗ ಇರತೈತಿ."

ಅವಳು ಸುಳ್ಳು ಹೇಳಲಿಲ್ಲ. ಛಾಯಾಪಾಲ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡ. ಸದಾ ಹೊಗಳಿಕೆ ಕೇಳಿ ಕೇಳಿ ಅವನಿಗೆ, ತಪ್ಪು ತೋರಿಸಿದ ಇವಳ ಮೇಲೆ ಬಹಳ ನಂಬಿಕೆ ಹುಟ್ಟಿತು. ಕೈ ಎತ್ತಿದ. ಮೇಲುಕಟ್ಟಿನ ಒಂದು ಮೂಲೆ ತಾನೇ ಕೆಳಗಿಳಿದು ನಿಂಬೆವ್ವನ ತೊಡೆಯ ಮೇಲೆ ಬಿತ್ತು.

ಅವಳು ಮೂಲೆಯ ಹೊಲಿಗೆ ಬಿಚ್ಚಿದಳು. ಬುತ್ತಿಯಲ್ಲಿ ಉಳಿದಿದ್ದು ಅರ್ಧ ರೊಟ್ಟಿ. ತಾನು ಒಂದು ತುತ್ತು ತಿಂದು, ಮಿಕ್ಕಿದ್ದನ್ನು ಒಳಗಿಟ್ಟಳು. ಬಟ್ಟೆ ಗಬಕ್ಕನೆ ನುಂಗಿತು. ನುಂಗಿ, ಅವಳ ಬೆರಳು ಹಿಡಿಯಿತು. ಬೆರಳಾದ ಮೇಲೆ ಮುಂಗೈ, ಮುಂಗೈ ಆದ ಮೇಲೆ ಮೊಣಕೈ. ನೂರು ವರ್ಷದ ಹಸಿವಿಗೆ ಅರ್ಧ ರೊಟ್ಟಿ ಎಲ್ಲಿಗೆ ಸಾಕು? ನಿಂಬೆವ್ವನ ತೋಳು ಅವಳುಟ್ಟ ಸೀರೆಯ ಹಾಗೆ ನೀಲಿ ಬಟ್ಟೆಯಾಗತೊಡಗಿತು. ಅವಳು ಕೂಗಿದಳು:

"ಯಪ್ಪಾ! ಯವ್ವಾ! ತಿಂತಾ ನಿಂತೀರಲ್ಲ, ನಿಮ್ಮ ಕೈಯಾಗಿಂದ ಒಂದೊಂದು ತುತ್ತು ತಂದು ಇಡ್ರಿ! ಮ್ಯಾಲ ನಿಮ್ಮ ಮಂದಿ ಅದಾರ, ತಲಿ ಎತ್ತಿ ನೋಡ್ರಿ!"

ಆಗ ಜನ ಮೊದಲ ಸಲ ತಲೆಯೆತ್ತಿದರು. ಒಬ್ಬ ಮುದುಕ, "ಅದು ನನ್ನ ತಮ್ಮನ ಪಟ್ಟೆಪಂಚೆ ಅಲ್ಲವೇ!" ಎಂದು ಚೀರಿ, ಕಚ್ಚಿದ್ದ ಕರಜಿಕಾಯಿಯನ್ನೇ ತಂದು ಮೂಲೆಗೆ ತುರುಕಿದ. ಅವನ ಹಿಂದೆ ಒಬ್ಬ ಬಾಣಂತಿ, ಅವಳ ಹಿಂದೆ ಜಟ್ಟಿಗಳ ಗುಂಪು, ಬೊಂಬೆಯಾಟದವರು, ಡೊಂಬರು. ಹುರಿಗಡಲೆ, ಹೋಳಿಗೆ, ಮೊಸರನ್ನ, ಕಡಲೆಮಿಠಾಯಿ. ಕೊನೆಗೆ ಕರಡಿಯೂ ತನ್ನ ಪಾಲಿನ ಜೇನುಹುಟ್ಟು ತಂದಿಟ್ಟಿತು. ಬಟ್ಟೆ ತಿಂದೇ ತಿಂದಿತು. ನಿಂಬೆವ್ವನ ಹೆಗಲಿನವರೆಗೆ ಬಂದು ನಿಂತಿತು. ಆಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಉಬ್ಬಿ, ಡರ್ರನೆ ತೇಗಿತು.

ಆ ತೇಗಿಗೆ ಸಾವಿರ ತುಂಡು ಕಳಚಿ ಬಿದ್ದವು. ಬಿದ್ದ ತುಂಡೆಲ್ಲ ಮನುಷ್ಯರಾಗಿ ಮರಳಿನ ಮೇಲೆ ಎದ್ದು ಕೂತರು. ಅಜ್ಜಂದಿರು ಎದ್ದರು, ಮದುಮಕ್ಕಳು ಎದ್ದರು, ಕೆಂಪು ರುಮಾಲಿನವನು ಎದ್ದು ತೊಟ್ಟಿಲು ಎಲ್ಲಿ ಎಂದು ಕೇಳಿದ. ನಿಂಬೆವ್ವನ ತೋಳು ತೋಳಾಯಿತು. ಮೇಲೆ ಬರಿಯ ಆಕಾಶ. ಏರುಬಿಸಿಲು ಧೋ ಎಂದು ಸುರಿಯಿತು.

ಛಾಯಾಪಾಲ ಓಡಿದ. ಓಡಲು ನೆರಳೇ ಇರಲಿಲ್ಲ. ಅವನಿದ್ದ ಜಾಗದಲ್ಲಿ ಮನುಷ್ಯನಾಕಾರದ ಒಂದು ನೆರಳು ಮಾತ್ರ ಉಳಿಯಿತು. ನೆತ್ತಿಯ ಮೇಲೆ ಸೂರ್ಯ ಬಂದಂತೆ ಅದು ಗಿಡ್ಡವಾಗಿ, ಗಿಡ್ಡವಾಗಿ, ಇಲ್ಲವಾಯಿತು.

ದಿಬ್ಬದ ತುಂಬ ಅಳು, ನಗು, ಅಪ್ಪಿಕೊಳ್ಳುವ ಗದ್ದಲ. ಮರಳಾವತಿಯವರು ತಾಳೆಗರಿಯ ಕೊಡೆ ಹಂಚಿ, ನಿಂತ ಹಬ್ಬವನ್ನು ಮತ್ತೆ ನಡೆಸಿದರು. ಎಂಟನೆಯ ದಿನ ಎಲ್ಲರೂ ಅವರವರ ಊರಿಗೆ ಹೋದರು. ಅಂದಿನಿಂದ ಬಿಸಿಲಹಬ್ಬಕ್ಕೆ ಹೋದವರೆಲ್ಲ ಮೈ ಕಪ್ಪಾಗಿಸಿಕೊಂಡು ಮನೆಗೆ ಬರುತ್ತಾರೆ.

ಆದರೆ ಅದಕ್ಕೆ ಮೊದಲು, ಆ ಮಧ್ಯಾಹ್ನ, ಹಸಿರು ಸೀರೆಯ ಮರಳು ಕೊಡವುತ್ತ ಕೂತಿದ್ದ ಕಸ್ತೂರೆವ್ವನ ಮುಂದೆ ಮಗಳು ಹೋಗಿ ನಿಂತಳು. ಅಪ್ಪಿಕೊಳ್ಳಲಿಲ್ಲ. ಕೇಳಬೇಕಾದದ್ದನ್ನು ಕೇಳಿದಳು.

"ಮನಿ ಬ್ಯಾಡ ಅನ್ನಿಸಿತ್ತೇನು, ಯವ್ವಾ?"

ಕಸ್ತೂರೆವ್ವ ಸೀರೆ ಕೊಡವುವುದನ್ನು ನಿಲ್ಲಿಸಿದಳು.

"ಆ ಗಳಿಗ್ಯಾಗ ಅನ್ನಿಸಿತ್ತು. ಸುಳ್ಳ್ಯಾಕ ಹೇಳಲಿ."

"ನನ್ನ ಬಾಯಿ ಸಲುವಾಗಿ?"

"ಅದೂ ಇತ್ತು."

ನಿಂಬೆವ್ವನಿಗೆ ಅಳು ತಡೆಯಲಾಗಲಿಲ್ಲ. ಅವ್ವ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಮ್ಯಾಲ ಹ್ವಾದಮ್ಯಾಲ ವರ್ಷಪೂರ್ತಿ ಕೆಳಗ ನೋಡ್ಕೋತ ಇದ್ದೆ. ದಿನಾ ಒಂದ ಬೇಡಿಕೊಂತಿದ್ದೆ, ನನ್ನ ಮಗಳು ಇತ್ತ ಬರಬಾರದು, ಇದರಾಗ ಸಿಗಬಾರದು ಅಂತ. ನೀ ಬಂದಿ. ಯಾಕ ಬಂದಿ ಅಂತ ಬೈಬೇಕಂದ್ರ ನನಗ ಬಾಯಿ ಇರಲಿಲ್ಲ."

"ಈಗ ಐತಲ್ಲ," ಎಂದಳು ನಿಂಬೆವ್ವ ಮೂಗು ಒರೆಸಿಕೊಂಡು. "ಬೈ."

ಕಸ್ತೂರೆವ್ವ ಬೈಯಲು ಶುರು ಮಾಡಿದಳು. ಒಂದು ವರ್ಷದ ಬೈಗುಳ ಒಳಗೆ ಕೂಡಿತ್ತು. ಬೊಂಬೆಯಾಟದ ಮುಂದೆ ನಿಂತು ಬೈದಳು, ನದಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೈದಳು, ಕರಿಗುಡ್ಡದ ದಾರಿಯಲ್ಲಿ ಇಪ್ಪತ್ತು ದಿನವೂ ಬೈದಳು. ನಿಂಬೆವ್ವ ಒಂದೇ ಒಂದು ಎದುರು ಮಾತಾಡದೆ, ಅವ್ವನ ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ನಡೆದಳು. ಊರು ಸೇರಿದ ಮೇಲೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಬೈಸಿಕೊಳ್ಳುತ್ತ, ತಾಯಿ ಮಗಳು ಬಹುಕಾಲ ಸುಖವಾಗಿದ್ದರು.