ಕೆಮ್ಮಣ್ಣಿನ ಬೊಟ್ಟಿಟ್ಟ ಪತಂಗ

"ಬೂದಿ ಪತಂಗ. ಬೂದಿ ಪತಂಗ. ಎಲೆ ಪತಂಗ. ಬೂದಿ ಪತಂಗ..."

ಹೊತ್ತು ಮುಳುಗಿದ್ದೇ ತಡ, ಹುಣಸೆತೋಪಿನ ಕಂಬದ ಮೇಲಿದ್ದ ಗುರುತುಗಣ್ಣು ಹಿಂಗೆ ಹಾಜರಿ ಕೂಗಾಕೆ ಶುರು ಮಾಡ್ತಿತ್ತು. ದೀಪಕ್ಕೆ ಬಂದ ಹುಳಗಳ ಫೋಟೋ ಹಿಡಿಯೋದು, ರೆಕ್ಕೆ ಮೇಲಿನ ಗೆರೆ ಚುಕ್ಕಿ ನೋಡೋದು, ಹೆಸರು ಹೇಳೋದು, ಇಷ್ಟೇ ಅದರ ಕೆಲಸ. ರಾತ್ರಿ ಹಾರೋ ಚಿಟ್ಟೆಗೆ ಪತಂಗ ಅಂತಾರೆ ಅಂತ ಊರೋರು ಕಲಿತಿದ್ದೇ ಅದರಿಂದ. ರಾಜ್ಯದ ತುಂಬ ಅಂಥ ಕಂಬ ಇದ್ವು. ಜನಕ್ಕಿಂತ ಕಂಬವೇ ಜಾಸ್ತಿ ಅನ್ನಿ.

ಅವತ್ತು ಮಾತ್ರ ಕಂಬ ಗಕ್ಕನೆ ನಿಂತೋಯ್ತು. ಆಮೇಲೆ "ಗುರುತಿಲ್ಲ! ಹೊಸ ಜೀವಿ! ಹೊಸ ಜೀವಿ!" ಅಂತ ಕಿರುಚಿದ್ದು ಏಳೂರಿಗೆ ಕೇಳಿಸ್ತು.

ಕುರಿ ಸಾಕೋ ಗಾದ್ರಮ್ಮನ ಕಿವಿಗೆ ಜೇನು ಹುಯ್ದಂಗಾಯ್ತು. ಯಾಕಂದ್ರೆ ಬೆಳಗಾದ್ರೆ ತೋಪು ಕಡಿದು ಗಾಳಿಯಂತ್ರ ನೆಡೋರಿದ್ರು. ಬ್ಯಾಸಗೇಲಿ ಅವಳ ಕುರಿಗೆ ನೆರಳು ಅಂತ ಇದ್ದದ್ದು ಅದೊಂದೇ. ಆ ಬಯಲಿನ ಬಿಸಿಲೋ, ಕಾಗೆ ಮೊಟ್ಟೆ ಇಟ್ರೆ ಆಮ್ಲೆಟ್ಟೇ ಬೀಳ್ತಿತ್ತು! ಆದ್ರೆ ಆ ಕಾಲದ ಕಾನೂನು ಗಟ್ಟಿ. ಹೊಸ ಜೀವಿ ಸಿಕ್ಕಿದ ಜಾಗದಲ್ಲಾಗಲಿ, ದೂರಕ್ಕೆ ವಲಸೆ ಹೋಗಿಬರೋ ಜೀವಿ ಮೊಟ್ಟೆ ಇಡೋ ಜಾಗದಲ್ಲಾಗಲಿ ಗೂಟ ಹೊಡೆಯಂಗಿಲ್ಲ. ಮರ ಕಡಿಯೋ ಯಂತ್ರ ಬಾಲ ಮುದುರ್ಕೊಂಡು ನಿಂತ್ವು.

ಮಾರನೇ ದಿನ ಇಂಚರ ಅನ್ನೋ ವಿಜ್ಞಾನಿ ಬಂದ್ಲು. ಊರೇ ನೆರೀತು.

"ನೋಡಜ್ಜಿ," ಅಂತ ಗಾದ್ರಮ್ಮಂಗೆ ಫೋಟೋ ತೋರಿಸಿದ್ಲು. "ಬೂದಿ ಪತಂಗದಂಗೇ ಅದೆ. ಆದ್ರೆ ಬೆನ್ನ ಮೇಲೆ ಕೆಂಪು ಬೊಟ್ಟು! ಇಂಥದ್ದು ಪ್ರಪಂಚದಲ್ಲೇ ಇಲ್ಲ."

ಗಾದ್ರಮ್ಮ ನಕ್ಕಳು ನೋಡಿ, ಬಾಯಲ್ಲಿದ್ದ ಎಲೆಅಡಿಕೆ ಮೂರು ಮಾರು ದೂರ ಬಿತ್ತು.

"ಅಯ್ಯೋ ನನ್ನವ್ವಾ! ಅದು ನನ್ನ ಕೆಮ್ಮಣ್ಣು ಕಣೇ! ಹಿಂಡು ಹಿಂಡು ಬೆರೀಬಾರದು ಅಂತ ಮರಿ ಬೆನ್ನಿಗೆ ಗುರುತು ಹಚ್ತೀವಲ್ಲ? ಹೋದ ಹುಣ್ಣಿಮೇಲಿ ಹಚ್ತಾ ಇದ್ದೆ. ಈ ಹುಳ ಬಂದು ಮರಿ ಮೇಲೆ ಕೂತ್ಕೊಂತು. ನನ್ನ ಕುರಿ ಮೇಲೆ ಕೂತ್ರೆ ನೀನೂ ನನ್ನದೇ ಅಂದು, ಅದಕ್ಕೂ ಒಂದು ಬೊಟ್ಟಿಟ್ಟೆ!"

ಯಾರೂ ನಗಲಿಲ್ಲ. ವಾರಗಿತ್ತಿ ಮಾರಕ್ಕ ಹಣೆ ಬಡ್ಕೊಂಡ್ಲು. "ಬಾಯಿಗೆ ಬೀಗ ಹಾಕ್ಕೊಳ್ಳಾಕೆ ಏನಾಗಿತ್ತೇ ನಿನಗೆ? ಹೋಯ್ತಲ್ಲೇ ತೋಪು!"

ಆಗ ಗಾದ್ರಮ್ಮಂಗೆ ಹೊಳೀತು. ಹೋಗಿ ಒಂದು ಮರದ ಬುಡ ತಬ್ಕೊಂಡು ಕೂತ್ಲು. ಅತ್ತ ಯಂತ್ರ ಗುರ್ ಅಂದ್ವು.

"ತಡೀರಿ!" ಅಂದ್ಲು ಇಂಚರ. "ಅಜ್ಜಿ, ಆ ಮಣ್ಣು ಮಳೆಗೆ ಹೋಗಲ್ವ?"

"ಹರಳೆಣ್ಣೇಲಿ ಕಲಸಿದ್ದು ತಾಯಿ. ಕುರಿ ಹೋದ್ರೂ ಬೊಟ್ಟು ಹೋಗಲ್ಲ."

ಇಂಚರ ನೆಲದ ಮೇಲೇ ಕೂತು, ಫೋನಲ್ಲೇ ಬೇರೆ ಕಂಬಗಳ ಕಸದಬುಟ್ಟಿ ಕೆದಕಿದ್ಲು. ಮಸುಕಾಗಿ ಕೆಟ್ಟದೆ ಅಂತ ಕಂಬಗಳು ಎಸೆದಿದ್ದ ಫೋಟೋ ಎಲ್ಲ ಅದ್ರಲ್ಲಿದ್ವು. ಘಟ್ಟದ ಮೇಲಿನ ಕಂಬದಲ್ಲಿ ಕೆಂಪು ಬೊಟ್ಟು! ಕುಮಟೆಯ ಕಡಲ ದಂಡೇಲಿ ಕೆಂಪು ಬೊಟ್ಟು! ತಾರೀಖು ನೋಡಿದ್ರೆ, ವಾಪಸ್ ಬರುವಾಗ ಘಟ್ಟದ ಮೇಲೆ ಇನ್ನೊಂದು ಸಲ!

"ಏನವ್ವಾ ಹಂಗಂದ್ರೆ?" ಅಂದ್ಲು ಮಾರಕ್ಕ.

"ಗುರುತುಗಣ್ಣು ಇದು ಯಾವ ಜಾತಿ ಅಂತ ಹೇಳುತ್ತೆ ಅಕ್ಕ. ನಿನ್ನೆ ಬಂದಿದ್ದೇ ಇವತ್ತೂ ಬಂತಾ ಅಂತ ಅದಕ್ಕೆ ಗೊತ್ತಾಗಲ್ಲ, ಎಲ್ಲಾ ಒಂದೇ ಥರ ಕಾಣ್ತವಲ್ಲ. ಅಜ್ಜಿ ಬೊಟ್ಟಿಟ್ಟಿದ್ದಕ್ಕೆ ಗೊತ್ತಾಯ್ತು. ಈ ಹುಳ ಕಡಲು ನೋಡ್ಕೊಂಡು ಮನೆಗೆ ಬಂದದೆ!"

ಅಷ್ಟಂದು ಗಾದ್ರಮ್ಮನ ತಲೆ ಮೇಲಿನ ಕೊಂಬೆ ಬಗ್ಗಿಸಿದ್ಲು. ಎಲೆ ಅಡೀಲಿ ಕೆಂಪು ಬೊಟ್ಟಿನ ಬಾಣಂತಿ, ಸಾಸಿವೆಯಂಥ ಮೊಟ್ಟೆಗಳ ಪಕ್ಕ ತಣ್ಣಗೆ ಕೂತಿತ್ತು.

ದೂರ ಹೋಗಿಬರೋ ಜೀವಿ ಮೊಟ್ಟೆ ಇಟ್ಟ ಜಾಗ ಅಂದ್ಮೇಲೆ ಯಂತ್ರ ಹಿಂದಕ್ಕೆ ಹೋದ್ವು. ಗಾದ್ರಮ್ಮ ಬಿಟ್ಟ ನಿಟ್ಟುಸಿರಿಗೆ ಅರ್ಧ ತೋಪಿನ ಹಣ್ಣೆಲೆ ಉದುರಿದ್ವಂತೆ.

ಈಗ ಗಾದ್ರಮ್ಮ ಬೊಟ್ಟಿಟ್ಟ ಪತಂಗಕ್ಕೆಲ್ಲ ಕಂಬದ ಹಾಜರೀಲಿ ಒಂದು ಹೊಸ ಹೆಸರು ಸೇರ್ಕೊಂಡದೆ. "ಬೂದಿ ಪತಂಗ. ಎಲೆ ಪತಂಗ. ಗಾದ್ರಮ್ಮನ ಹಿಂಡು. ಗಾದ್ರಮ್ಮನ ಹಿಂಡು..."

"ಹಿಂಡು ಕಾಯಾಕೆ ಕಡಲಿಗೂ ಹೋಗ್ತೀಯೇನೇ?" ಅಂತ ಮಾರಕ್ಕ ರೇಗಿಸ್ತಾಳೆ.

ಮೊನ್ನೆ ಒಂದು ಪತಂಗ ಬಂತು. ಬೆನ್ನ ಮೇಲೆ ಅರಿಶಿನದ ಬೊಟ್ಟು. ಕಡಲ ಕಡೆ ಯಾವಳೋ ಇಟ್ಟು ಕಳಿಸಿದ್ದಾಳೆ!

"ಬೇರೆಯೋರ ಹಿಂಡಿಂದು ಕಣೇ, ತಪ್ಪಿಸ್ಕೊಂಡು ಬಂದದೆ," ಅಂದ್ಲು ಮಾರಕ್ಕ.

"ಬಂದಿದ್ದನ್ನ ಅಟ್ಟಬಾರದು," ಅಂದ್ಲು ಗಾದ್ರಮ್ಮ. "ಇರ್ಲಿ ಬಿಡು. ನೆರಳು ಅದೆಯಲ್ಲ."