ಬಸ್ ಹೋಗುತ್ತೆ, ಹೊರಡಿ

"ನೀವು ಹೊರಡಿ ಶ್ಯಾಮಲಾ ಅವ್ರೇ, ಬಸ್ ಹೋಗುತ್ತೆ."

ಮುನಿಕೃಷ್ಣ ಹೀಗಂದಾಗ ಇಡೀ ದೇಶದಲ್ಲಿ ಒಂದು ಬಸ್ಸೂ ಓಡುತ್ತಿರಲಿಲ್ಲ. ಲಾಕ್‌ಡೌನ್ ಶುರುವಾಗಿ ಇನ್ನೂ ವಾರವೂ ಆಗಿರಲಿಲ್ಲ. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಅವರು ತಾವಂದದ್ದು ತಮಗೇ ಕೇಳಿಸಿ, ಕಿವಿಯವರೆಗೂ ಕೆಂಪಾಗಿ, ಪಕ್ಕದಲ್ಲಿದ್ದ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡತೊಡಗಿದರು. ಪಾತ್ರೆ ಖಾಲಿ ಇತ್ತು.

ಹಾಲ್‌ನಲ್ಲಿ ಕೂತಿದ್ದ ಹನುಮಂತಯ್ಯ ನಕ್ಕೂ ನಕ್ಕೂ ಕೆಮ್ಮಿದರು. ಆಗ ಯಾರು ಕೆಮ್ಮಿದರೂ ಎದೆ ಧಸಕ್ಕೆನ್ನುತ್ತಿದ್ದ ಕಾಲ. ನಾವೆಲ್ಲ ನಗು ನಿಲ್ಲಿಸಿ ಅವರನ್ನೇ ನೋಡಿದೆವು.

ನಾವು ನಾಲ್ವರೂ ಪೀಣ್ಯದ ಒಂದೇ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ನಾನು ಮತ್ತು ಮುನಿಕೃಷ್ಣ ಟ್ರಾನ್ಸ್‌ಫಾರ್ಮರ್‌ಗೆ ತಾಮ್ರದ ತಂತಿ ಸುತ್ತುವ ಮಷೀನಿನಲ್ಲಿ, ಹನುಮಂತಯ್ಯ ಸೂಪರ್‌ವೈಸರ್, ಅಶ್ವತ್ಥಮ್ಮ ಕ್ಯಾಂಟೀನಿನಲ್ಲಿ. ಅಶ್ವತ್ಥಮ್ಮ ತವರಿನಿಂದ ತನ್ನ ಪಾಲಿಗೆ ಬಂದ ಸೈಟಿನಲ್ಲಿ, ಸರ್ಜಾಪುರದಿಂದಾಚೆ, ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಅವತ್ತೇ ಹೊರಟರು. ಹಂಡೆ, ಕೊಪ್ಪರಿಗೆ ತೊಳೆದುಕೊಟ್ಟು ಹೋಗೋಣವೆಂದು ನಾವು ಮೂವರು ಉಳಿದೆವು. ಮಾರನೆಯ ದಿನ ಕರ್ಫ್ಯೂ ಅಂದರು, ಅದಾದ ಮೇಲೆ ಎಲ್ಲವೂ ಬಂದ್. ಕೊಪ್ಪರಿಗೆ ತೊಳೆಯಲು ನಿಂತವರು ಅಲ್ಲೇ ಸಿಕ್ಕಿಕೊಂಡೆವು.

ಲೇಔಟಿನ ಹೆಸರು 'ಹಸಿರು ಸಿರಿ'. ಕಮಾನಿನ ಮೇಲಿನ ಆ ಅಕ್ಷರ ಬಿಟ್ಟರೆ ಅಲ್ಲಿ ಹಸಿರು ಅನ್ನುವುದೇ ಇರಲಿಲ್ಲ. ನೀಲಗಿರಿ ತೋಪು ಕಡಿದು, ನೆಲ ಮಟ್ಟ ಮಾಡಿ, ಸೈಟ್ ಕಲ್ಲು ನೆಟ್ಟು ಹೋಗಿದ್ದರು. ಕಣ್ಣು ಹಾಯುವಷ್ಟೂ ಕೆಂಪು ಮಣ್ಣು, ನಡುವೆ ನಮ್ಮದೊಂದೇ ಮನೆ. ಗಾಳಿ ಎದ್ದರೆ ಅನ್ನದಲ್ಲೂ ಧೂಳು. ಇದು ಮರಳುಗಾಡೇ ಸೈ, ಒಂಟೆ ಒಂದು ಕಮ್ಮಿ ಎಂದು ಹನುಮಂತಯ್ಯ ದಿನಾ ಕಾಫಿ ಕುಡಿಯುತ್ತಾ ಹೇಳುತ್ತಿದ್ದರು.

ಮನೆ ನಡೆಸಲು ಶಿಫ್ಟ್ ಹಾಕಿದ್ದೂ ಅವರೇ. ಅಷ್ಟು ವರ್ಷದ ಅಭ್ಯಾಸ, ಬಾಯಿ ತೆರೆದರೆ ಅದೇ ಬಂತು. ತಿಂಡಿ, ಮಧ್ಯಾಹ್ನದ ಊಟ ಹೆಂಗಸರ ಫಸ್ಟ್ ಶಿಫ್ಟ್. ಸಂಜೆ ಕಾಫಿ, ರಾತ್ರಿಯ ಮುದ್ದೆ, ಪಾತ್ರೆ ಗಂಡಸರ ಸೆಕೆಂಡ್ ಶಿಫ್ಟ್. ಎರಡು ಗಂಟೆಗೆ ನಾನು ಒಲೆಯ ಚಾರ್ಜ್ ಕೊಡಬೇಕು, ಮುನಿಕೃಷ್ಣ ತಗೊಳ್ಳಬೇಕು.

ಫ್ಯಾಕ್ಟರಿಯಲ್ಲೂ ಹಾಗೇ ಇತ್ತು. ನಾನು ಮಷೀನ್ ಒರೆಸಿ ಎದ್ದರೆ ಅವರು ಬಂದು ಕೂರುತ್ತಿದ್ದರು. ಯಾವುದು ಸರಿಯಿದೆ, ಯಾವುದು ತೊಂದರೆ ಕೊಡುತ್ತಿದೆ, ಯಾವುದು ಅರ್ಧಕ್ಕೆ ನಿಂತಿದೆ ಎಂದು ಹೇಳಿ ಚಾರ್ಜ್ ಕೊಡುವುದು ಪದ್ಧತಿ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ಕೊನೆಗೆ ಒಂದೇ ಮಾತು: ಬಸ್ ಹೋಗುತ್ತೆ, ಹೊರಡಿ. ಇಷ್ಟು ಬೇಗ ನನ್ನನ್ನು ಸಾಗಹಾಕುವ ಅವಸರ ಈ ಮನುಷ್ಯನಿಗೇಕೆ ಎಂದು ವರ್ಷಗಟ್ಟಲೆ ನನಗೆ ಉರಿಯುತ್ತಿತ್ತು. ಉರಿಯುತ್ತಿದ್ದದ್ದು ಯಾಕೆಂದು ಮಾತ್ರ ನಾನು ಯೋಚಿಸಿರಲಿಲ್ಲ.

ಈ ಮನೆಯಲ್ಲಿ ಬಸ್ಸಿರಲಿಲ್ಲ. ಹಾಗಾಗಿ ಚಾರ್ಜ್ ಕೊಡುವುದು ದಿನದಿಂದ ದಿನಕ್ಕೆ ಉದ್ದವಾಯಿತು. ಎಡಗಡೆಯ ಬರ್ನರ್ ಸಣ್ಣಗೆ ಉರಿಯುತ್ತಿದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾನು ಅರ್ಧ ಗಂಟೆ ತಗೊಂಡೆ. ಅವರು ಆ ಬರ್ನರನ್ನು ರಿಪೇರಿ ಮಾಡಬಹುದಿತ್ತು, ಮಾಡಲಿಲ್ಲ.

ಭಯಕ್ಕೆ ಮನೆಯೊಳಗೂ ಕಟ್ಟಿಕೊಳ್ಳುತ್ತಿದ್ದ ಮಾಸ್ಕಿನ ಮೇಲೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಹೇಳುವಾಗ ನೆಲ ನೋಡುತ್ತಿದ್ದವು, ನಾನು ತಿರುಗಿದಾಗ ಬೆನ್ನಿಗೆ ತಾಕುತ್ತಿದ್ದವು. ಎರಡು ಗಂಟೆಗೆ ಮುಂಚೆ ತಲೆ ಬಾಚುವುದು ನನಗೆ ರೂಢಿಯಾಯಿತು. ಅಶ್ವತ್ಥಮ್ಮ ಬಾಗಿಲಿಗೆ ಒರಗಿ ನೋಡಿ, "ಒಲೆ ಚಾರ್ಜ್ ಕೊಡಕ್ಕೆ ಇಂಗೆ ಮೈಸೂರು ಮಲ್ಲಿಗೆ ಪೌಡರ್ ಬೇರೆ ಬೇಕೇನವ್ವಾ?" ಎಂದಳು. ಸೆಕೆ ಅಂದೆ. ಊಂ, ಸೆಕೆನೇ ಅಂದಳು.

ನನಗೆ ಮದುವೆಯಾಗಿಲ್ಲ. ಅಪ್ಪ ಬೇಗ ಹೋದರು. ತಮ್ಮನನ್ನೂ ತಂಗಿಯರನ್ನೂ ದಡ ಸೇರಿಸುವಷ್ಟರಲ್ಲಿ ನನ್ನ ಮದುವೆಯ ಮಾತೆತ್ತುವವರು ಯಾರೂ ಉಳಿದಿರಲಿಲ್ಲ. ಬಾಗಲಗುಂಟೆಯಲ್ಲಿ ತಮ್ಮನ ಮನೆಯ ಮೇಲಿನ ರೂಮು ನನ್ನದು. ಮಗಳು ಚಿಕ್ಕವಳಿದ್ದಾಗಲೇ ಮುನಿಕೃಷ್ಣರ ಹೆಂಡತಿ ತೀರಿಕೊಂಡಿದ್ದರು. ಬೆಳಿಗ್ಗೆ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಬೇಕು ಎಂದು ಅವರು ಕಾಯಂ ಸೆಕೆಂಡ್ ಶಿಫ್ಟ್ ಕೇಳಿ ಪಡೆದಿದ್ದರು. ಇದು ಇಡೀ ಫ್ಯಾಕ್ಟರಿಗೆ ಗೊತ್ತಿದ್ದ ವಿಷಯ.

ಮೇ ತಿಂಗಳಲ್ಲಿ ತಮ್ಮನ ಮಗಳು ಮಂಜುಶ್ರೀ ಫೋನ್ ಮಾಡಿದಳು. ಪಾಸ್ ಸಿಕ್ಕಿದೆ, ನಾಳೆ ಮಧ್ಯಾಹ್ನ ಕಾರು ತರುತ್ತೇನೆ, ರೆಡಿಯಾಗಿರಿ ಅತ್ತೆ ಎಂದಳು. ಅಶ್ವತ್ಥಮ್ಮ ಕೇಳಿಸಿಕೊಂಡು, ಮೂರು ರೂಮಿನ ಮನೆ, ನಾನೊಬ್ಬಳೇ ಏನು ಮಾಡಲಿ, ಗಂಡಸರಿಬ್ಬರೂ ಬಾಡಿಗೆಗೆ ಇರ್ತೀವಿ ಅಂದಿದ್ದಾರೆ, ನೀನೂ ಇರು ಎಂದಳು. ಬಾಗಲಗುಂಟೆಗೆ ಹೋದರೆ ಮತ್ತೆ ಆ ರೂಮು, ಆ ಟಿವಿ. ಮುನಿಕೃಷ್ಣ ಯಾರದಾದರೂ ಮದುವೆಯಲ್ಲಿ ಕಂಡರೆ ಕಂಡರು, ಇಲ್ಲದಿದ್ದರೆ ಇಲ್ಲ. ನನಗೆ ಅವರು ಬೇಕಾಗಿದ್ದರು. ಆದರೆ ಒಂದು ಮಾತು ಅವರ ಕಡೆಯಿಂದ ಬರದೆ ನಾನು ಯಾವ ಮುಖ ಇಟ್ಟುಕೊಂಡು ಉಳಿಯಲಿ?

ಅಂದು ಎರಡು ಗಂಟೆಗೆ ಚಾರ್ಜ್ ಕೊಟ್ಟೆ. ಹುಳಿ ಇದೆ, ಮೊಸರು ಹೆಪ್ಪುಗಟ್ಟಿದೆ, ನಾಳೆ ನಾನು ಹೋಗುತ್ತಿದ್ದೇನೆ. ಅವರು ಎಡಗಡೆಯ ಬರ್ನರನ್ನು ಒರೆಸುತ್ತಾ, "ಸರಿ, ಹೊರಡಿ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ, ಯಾವಾಗ್ಲೂ ನನ್ನನ್ನ ಕಳಿಸೋದೇ ಒಂದು ಕೆಲಸಾನಾ ನಿಮಗೆ? ಮಷೀನ್ ಹತ್ರ ನಿಂತ್ರೂ ಹೊರಡಿ, ಇಲ್ಲಿ ನಿಂತ್ರೂ ಹೊರಡಿ."

ಅವರು ಮಾಸ್ಕ್ ತೆಗೆದು ಜೇಬಿಗಿಟ್ಟರು.

"ಮಗಳು ಮದ್ವೆ ಆಗಿ ಹೋದ್ಮೇಲೂ ನಾನು ಸೆಕೆಂಡ್ ಶಿಫ್ಟಲ್ಲೇ ಇದ್ದೆ," ಅಂದರು. "ಯಾಕೆ ಅಂತ ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ. ಫಸ್ಟ್ ಶಿಫ್ಟ್‌ಗೆ ಬಂದಿದ್ರೆ ನಿಮ್ಮ ಮಷೀನ್ ನಿಮ್ಗೆ, ನನ್ನ ಮಷೀನ್ ನನ್ಗೆ, ಮಾತಾಡೋಕೆ ಎಲ್ಲಿ ಆಗ್ತಿತ್ತು? ನಿಮ್ಮ ಮಷೀನಿಗೆ ಬರೋನು ಸೆಕೆಂಡ್ ಶಿಫ್ಟ್‌ನೋನೇ."

ಮತ್ತೆ ಬಸ್ ಹೋಗುತ್ತೆ ಅಂತ ಯಾಕೆ ಅಟ್ಟುತ್ತಿದ್ದಿರಿ ಎಂದು ಕೇಳಿದೆ.

"ನಿಲ್ಲಿ ಅನ್ನೋ ಧೈರ್ಯ ಇರ್ಲಿಲ್ಲ. ಬಸ್ ಹೋಗುತ್ತೆ ಅಂದಾಗ ನೀವು ಒಂದ್ಸಲನಾದ್ರೂ, ಹೋಗ್ಲಿ ಬಿಡಿ ಅಂತೀರೇನೋ ಅಂತ ಕಾಯ್ತಿದ್ದೆ."

ನಾನು ರೂಮಿಗೆ ಹೋಗಿ ಬ್ಯಾಗಿಗೆ ಸೀರೆ ತುಂಬಿದೆ. ಅರವತ್ತರ ವಯಸ್ಸಿನಲ್ಲಿ ಇದೆಲ್ಲ ಏನು, ತಮ್ಮ ಏನಂದುಕೊಳ್ಳುತ್ತಾನೆ, ಬಾಗಲಗುಂಟೆಯವರು ಏನಾಡಿಕೊಳ್ಳುತ್ತಾರೆ ಎಂದು ಭಯವಾಗಿತ್ತು. ಸಂತೋಷವೂ ಆಗಿತ್ತು, ಅದು ಭಯಕ್ಕಿಂತ ಜಾಸ್ತಿಯೇ ಇತ್ತು. ಅವರ ಮುಂದೆ ಅಳುವುದು ಬೇಡವೆಂದು ಬಾಗಿಲು ಹಾಕಿಕೊಂಡೆ.

ಮರುದಿನ ಮಂಜುಶ್ರೀಯ ಕಾರು ಕಮಾನು ದಾಟಿ ಧೂಳೆಬ್ಬಿಸಿಕೊಂಡು ಬಂತು. ಪಾಸ್ ಸಂಜೆಯವರೆಗೆ ಮಾತ್ರ, ಬೇಗ ಬನ್ನಿ ಎಂದು ಗೇಟಿನಿಂದಲೇ ಕೂಗಿದಳು. ಇಂಜಿನ್ ಆಫ್ ಮಾಡಲಿಲ್ಲ. ಹನುಮಂತಯ್ಯ ನನ್ನ ಬ್ಯಾಗನ್ನು ಬಾಗಿಲವರೆಗೆ ತಂದಿಟ್ಟರು.

ಎರಡು ಗಂಟೆಯಾಗಿತ್ತು. ನಾನು ಅಡುಗೆಮನೆಗೆ ಹೋದೆ. ಚಾರ್ಜ್ ಕೊಡದೆ ನಾನು ಯಾವತ್ತೂ ಗೇಟ್ ದಾಟಿದವಳಲ್ಲ. ಮುನಿಕೃಷ್ಣ ಆಗಲೇ ಬಂದು ಒಲೆಯ ಪಕ್ಕ ನಿಂತಿದ್ದರು. ಸಾರು ಇದೆ, ಮಜ್ಜಿಗೆ ಇದೆ, ಬರ್ನರ್ ಹಾಗೇ ಇದೆ ಎಂದೆ.

"ನೀವು ಹೊರಡಿ ಶ್ಯಾಮಲಾ ಅವ್ರೇ," ಎಂದರು. ದನಿ ಗಟ್ಟಿಯಿರಲಿಲ್ಲ. "ಕಾರ್ ಹೋಗುತ್ತೆ."

"ಹೋಗ್ಲಿ ಬಿಡಿ," ಅಂದೆ.

ಅವರು ತಕ್ಷಣ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡತೊಡಗಿದರು. ನಾನು ಮುಚ್ಚಳ ಕಿತ್ತುಕೊಂಡು ಕಟ್ಟೆಯ ಮೇಲಿಟ್ಟೆ. ಇತ್ತ ನೋಡಿ ಎಂದೆ. ನೋಡಿದರು.

ಹೊರಗೆ ಮಂಜುಶ್ರೀ ಹಾರ್ನ್ ಹೊಡೆದಳು. ಅಶ್ವತ್ಥಮ್ಮ ಬಾಗಿಲ ಬಳಿಯಿದ್ದ ನನ್ನ ಬ್ಯಾಗನ್ನು ಒಳಗೆ ತಗೊಂಡು ಹೋಗಿ, ಗಾಡಿ ಆಫ್ ಮಾಡಿ ಕೈ ತೊಳ್ಕೊಂಡು ಊಟಕ್ಕೆ ಬಾ ತಾಯಿ ಎಂದು ಅವಳನ್ನು ಕರೆದಳು.